ಬಾರದ ಕೆಲಸಗಳ ಸರದಾರ ವಿಲ್ ಹೇ

ಹೆಡ್‌ಮಾಸ್ಟರ್, ಹಡಗಿನ ಕ್ಯಾಪ್ಟನ್, ಸ್ಟೇಷನ್ ಮಾಸ್ಟರ್, ಜೈಲು ಅಧಿಕಾರಿ, ಪೊಲೀಸ್ ಸಾರ್ಜೆಂಟ್, ಫೈರ್ ಸ್ಟೇಷನ್ ಕ್ಯಾಪ್ಟನ್, ಕೊನೆಗೆ ವಕೀಲ. ಹತ್ತು ವರ್ಷದೊಳಗೆ ಬ್ರಿಟಿಷ್ ಹಾಸ್ಯನಟ ವಿಲ್ ಹೇ ತೆರೆ ಮೇಲೆ ಇಷ್ಟೆಲ್ಲ ಕೆಲಸ ಮಾಡ್ದ, ಇದ್ರಲ್ಲಿ ಒಂದೂ ಅವನಿಗೆ ಬರ್ತಿರ್ಲಿಲ್ಲ. ಕಾಮಿಡಿ ಪೂರ್ತಿ ಅದೇ. ಬರಲ್ಲ ಅಂತ ಅವನಿಗೂ ಗೊತ್ತು, ಪಕ್ಕದಲ್ಲಿರೋ ಇಬ್ಬರಿಗೂ ಗೊತ್ತು, ನೋಡ್ತಿರೋ ನಮಗಂತೂ ಮೊದಲ ನಿಮಿಷದಲ್ಲೇ ಗೊತ್ತು, ಆದ್ರೂ ಕುರ್ಚಿ ಬಿಟ್ಟು ಏಳೋ ಆಸಾಮಿ ಅಲ್ಲ.

ಬ್ರಿಟಿಷ್ ಕಾಮಿಡಿ ಅಂದ್ರೆ ನಮ್ಮ ಕಡೆ ಚಾಪ್ಲಿನ್ನು, ಅಲ್ಲಿಂದ ಸೀದಾ ಮಿಸ್ಟರ್ ಬೀನು. ಮಧ್ಯದ ಐವತ್ತು ಅರವತ್ತು ವರ್ಷ ಇಂಗ್ಲೆಂಡಲ್ಲಿ ಯಾರೂ ನಗಲೇ ಇಲ್ವೇನೋ ಅನ್ನೋ ಥರ. ಚಾಪ್ಲಿನ್ನೂ ಲಾರೆಲ್-ಹಾರ್ಡಿ ಜೋಡಿಯ ಸ್ಟಾನ್ ಲಾರೆಲ್ಲೂ ಫ್ರೆಡ್ ಕಾರ್ನೋ ಅನ್ನೋನ ನಾಟಕ ಕಂಪನಿಯಲ್ಲಿ ಪಳಗಿ ಅಮೆರಿಕಾಗೆ ಹೋದ್ರು, ಹಾಲಿವುಡ್ ಅವರನ್ನ ಜಗತ್ತಿಗೆಲ್ಲ ಹಂಚ್ತು. ಅದೇ ಕಾರ್ನೋ ಕಂಪನಿಯಲ್ಲಿ ಮೊದಲನೇ ಮಹಾಯುದ್ಧದ ವರ್ಷಗಳಲ್ಲಿ ವಿಲ್ ಹೇನೂ ಇದ್ದ. ಇವನು ಮಾತ್ರ ಇಂಗ್ಲೆಂಡಲ್ಲೇ ಉಳ್ಕೊಂಡ. ಇಂಗ್ಲೆಂಡಲ್ಲಿ ಉಳ್ಕೊಂಡೋರು ಇಂಗ್ಲೆಂಡಿಗೇ ಉಳ್ಕೊಂಡ್ರು ಅನ್ಬೋದು, 1930ರ ದಶಕದಲ್ಲಿ ಅಲ್ಲಿನ ಥಿಯೇಟರ್‌ಗಳನ್ನ ತುಂಬಿಸ್ತಿದ್ದ ದೊಡ್ಡ ಹೆಸರುಗಳಲ್ಲಿ ಒಂದು ಇವನದು, ಆದ್ರೂ ಇವತ್ತು ಬೆಂಗಳೂರಲ್ಲಿ ಸಿನಿಮಾ ಹುಚ್ಚಿರೋರ ಹತ್ರ ಹೆಸರು ಹೇಳಿದ್ರೂ 'ಯಾರು?' ಅಂತಾರೆ.

ಹುಟ್ಟಿದ್ದು 1888ರ ಡಿಸೆಂಬರ್ 6, ಉತ್ತರ ಇಂಗ್ಲೆಂಡಿನ ಸ್ಟಾಕ್ಟನ್-ಆನ್-ಟೀಸ್ ಅನ್ನೋ ಊರಲ್ಲಿ. ಅಪ್ಪ ಎಂಜಿನಿಯರ್, ಮಗನೂ ಮೊದಲು ಅದೇ ದಾರಿ ಹಿಡಿದಿದ್ದ. ಭಾಷೆ ಕಲಿಯೋ ಚಟ, ಫ್ರೆಂಚ್, ಜರ್ಮನ್, ಇಟಾಲಿಯನ್ ಎಲ್ಲ ಬರ್ತಿತ್ತು. ಅಕ್ಕತಂಗಿಯರಲ್ಲಿ ಒಬ್ಬಳು ಸ್ಕೂಲ್ ಟೀಚರ್, ಅವಳು ಮನೆಗೆ ಬಂದು ಹೇಳ್ತಿದ್ದ ಕ್ಲಾಸಿನ ಕಥೆಗಳಿಂದ್ಲೇ ಇವನ ಮೇಷ್ಟ್ರ ಪಾತ್ರ ಹುಟ್ಟಿದ್ದು ಅಂತಾರೆ. ಮ್ಯೂಸಿಕ್ ಹಾಲ್ ಅಂತ ಆಗ ಇಂಗ್ಲೆಂಡಲ್ಲಿ ಊರೂರಲ್ಲೂ ಇದ್ವು, ಒಂದೇ ಸಂಜೆ ಹಾಡು, ಕುಣಿತ, ಮ್ಯಾಜಿಕ್ಕು, ನಗೆ ಐಟಂ ಎಲ್ಲ ಒಂದಾದ್ಮೇಲೊಂದು. ಅಲ್ಲಿ ಇವನ ಮೇಷ್ಟ್ರು ಸ್ಕಿಟ್ಟು ವರ್ಷಗಟ್ಟಲೆ ಓಡ್ತು, ಅದು ಗ್ರಾಮಫೋನ್ ಪ್ಲೇಟಲ್ಲೂ ಬಂತು.

ಆ ಸ್ಕಿಟ್ಟಲ್ಲಿ ಒಂದು ವಿಷಯ ಗಮನಿಸ್ಬೇಕು, ಮುಂದೆ ಬೇಕಾಗತ್ತೆ. ಕ್ಲಾಸಲ್ಲಿ ಒಬ್ಬ ತಲೆಹರಟೆ ಹುಡುಗ, ಮೇಷ್ಟ್ರಿಗಿಂತ ಚುರುಕು. ಇನ್ನೊಬ್ಬ ಹಾರ್ಬಾಟಲ್ ಅಂತ, ಪಾಸೇ ಆಗದೆ ಅದೇ ಬೆಂಚಲ್ಲಿ ಕೂತೂ ಕೂತೂ ಮುದುಕನಾದ ವಿದ್ಯಾರ್ಥಿ. ಅಂದ್ರೆ ಒಂದು ಕಡೆ ಎಳೇ ವಯಸ್ಸಿನ ಉಡಾಫೆ, ಇನ್ನೊಂದು ಕಡೆ ಮುದಿ ಪೆದ್ದುತನ, ಮಧ್ಯೆ ಸಿಕ್ಕಿಹಾಕ್ಕೊಂಡ ಏನೂ ಗೊತ್ತಿಲ್ಲದ ಮೇಷ್ಟ್ರು.

ಸಿನಿಮಾಗೆ ಬರೋ ಹೊತ್ತಿಗೆ ವಯಸ್ಸು ನಲವತ್ತೈದು. ಈಗಿನ ಲೆಕ್ಕದಲ್ಲಿ ಹೀರೋಗಳು ಆ ವಯಸ್ಸಲ್ಲೂ ಕಾಲೇಜಿಗೆ ಹೋಗ್ತಾರೆ ಬಿಡಿ, ಆದ್ರೆ ಆಗ ಅದು ತಡವೇ. ಟೈಮ್ ಮಾತ್ರ ಸರಿಯಾಗಿತ್ತು. ಟಾಕಿ ಬಂದು ಮಾತು ಬೇಕಾಗಿತ್ತು, ಮಾತಲ್ಲೇ ನಗಿಸೋರು ಇದ್ದಿದ್ದು ಮ್ಯೂಸಿಕ್ ಹಾಲಲ್ಲಿ. ಜೊತೆಗೆ 1927ರಲ್ಲಿ ಬ್ರಿಟಿಷ್ ಸರ್ಕಾರ ಒಂದು ಕಾನೂನು ಮಾಡಿತ್ತು, ಥಿಯೇಟರ್‌ಗಳು ಇಂತಿಷ್ಟು ಪರ್ಸೆಂಟ್ ಸ್ವದೇಶಿ ಸಿನಿಮಾ ತೋರಿಸ್ಲೇಬೇಕು, ಮೊದಲಿಗೆ ಶೇಕಡ 5, ಆಮೇಲೆ ಏರ್ತಾ ಏರ್ತಾ ಶೇಕಡ 20. ಹಾಲಿವುಡ್ ಪ್ರವಾಹಕ್ಕೆ ಕಟ್ಟೆ ಕಟ್ಟೋ ಪ್ರಯತ್ನ. ಅದರಿಂದ ಕೋಟಾ ತುಂಬಿಸೋಕೆ ಅಂತ ಸುತ್ತಿದ ಕಸದಂಥ ಸಿನಿಮಾಗಳೂ ರಾಶಿ ಬಂದ್ವು, ಗಟ್ಟಿ ಸ್ಟುಡಿಯೋಗಳೂ ಬೆಳೆದ್ವು.

1934ರ 'ದೋಸ್ ವರ್ ದ ಡೇಸ್' ಮೊದಲ ದೊಡ್ಡ ಸಿನಿಮಾ, ಅದಾದ್ಮೇಲೆ 'ರೇಡಿಯೋ ಪರೇಡ್ ಆಫ್ 1935', 'ಡ್ಯಾಂಡಿ ಡಿಕ್'. ಮೊದಲನೇದೂ ಮೂರನೇದೂ ಹಳೇ ನಾಟಕಗಳನ್ನ ಸಿನಿಮಾ ಮಾಡಿದ್ದು, ನೋಡಿದ್ರೆ ಹಾಗೇ ಅನ್ಸತ್ತೆ. ಬೇರೆಯವ್ರಿಗೆ ಹೊಲಿದ ಕೋಟು ಹಾಕ್ಕೊಂಡು ನಿಂತಂಗೆ ಇದಾನೆ. ಇವುಗಳ ಬಗ್ಗೆ ಇಷ್ಟು ಸಾಕು. ಗೇನ್ಸ್‌ಬರೋ ಕಂಪನಿಗೆ ಬಂದು 1935ರಲ್ಲಿ 'ಬಾಯ್ಸ್ ವಿಲ್ ಬಿ ಬಾಯ್ಸ್' ಮಾಡ್ದಾಗ ಮೇಷ್ಟ್ರು ಕೊನೆಗೂ ತೆರೆಗೆ ಬಂದ್ರು, ಮೂಗಿನ ತುದಿಗೆ ಕಚ್ಚಿಕೊಂಡಿರೋ ಆ ಕನ್ನಡಕ, ಕೆದರಿದ ಕೂದಲು, ಮಾಸಿದ ಗೌನು ಸಮೇತ.

ಇವನ ಆಕ್ಟಿಂಗ್ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಮೊದಲ ಸಲ ನೋಡ್ದಾಗ ಇದ್ರಲ್ಲಿ ಏನಿದೆ ಮಹಾ ಅನ್ಸತ್ತೆ. ಬೀಳಲ್ಲ, ಓಡಲ್ಲ, ಮುಖ ಕಿವುಚಲ್ಲ. ಹುಡುಗ ಒಂದು ಪ್ರಶ್ನೆ ಕೇಳ್ತಾನೆ. ಉತ್ತರ ಗೊತ್ತಿಲ್ಲ. ಮೊದಲು ಗಂಟಲು ಸರಿ ಮಾಡ್ಕೊಳ್ತಾನೆ, ಆಮೇಲೆ ಮೂಗಲ್ಲಿ ಒಂದು ಸಲ ಸೊರ್ ಅಂತ ಗಾಳಿ ಎಳೆದು ಕನ್ನಡಕದ ಮೇಲಿಂದ ಆ ಹುಡುಗನ್ನ ನೋಡ್ತಾನೆ, ಪ್ರಶ್ನೆ ಕೇಳಿದ್ದೇ ಅಧಿಕಪ್ರಸಂಗ ಅನ್ನೋ ಥರ, ಅಷ್ಟೊತ್ತಿಗೆ ಕಣ್ಣು ಮಾತ್ರ ಪಕ್ಕಕ್ಕೆ ಜಾರಿರತ್ತೆ, ಬಾಗಿಲು ಎಲ್ಲಿದೆ ಅಂತ ಹುಡುಕೋ ಹಾಗೆ. ಆಮೇಲೆ ಏನೋ ಗೊಣಗ್ತಾನೆ, ವಾಕ್ಯದ ಅರ್ಧ ಬಾಯಿಂದಾಚೆ ಬರಲ್ಲ. ಗದರಿಸೋಕೆ ಶುರು ಮಾಡಿ, ಮಧ್ಯದಲ್ಲಿ ತಾನೇ ತಪ್ಪು ಅಂತ ಹೊಳೆದು, ಗದರಿಕೆ ನಿಲ್ಸದೇನೇ ವಿಷಯ ಬದಲಾಯಿಸ್ತಾನೆ. ಎರಡು ಸೆಕೆಂಡಲ್ಲಿ ಜಂಬ, ಭಯ, ಲೆಕ್ಕಾಚಾರ, ಮತ್ತೆ ಜಂಬ. ನಮಗೆಲ್ಲ ಯಾವುದೋ ಆಫೀಸಲ್ಲಿ ಇಂಥ ಒಂದು ಮುಖ ಕಂಡಿರತ್ತೆ, ಫೈಲು ತಿರುಗಿಸಿ ತಿರುಗಿಸಿ ನೋಡಿ 'ಇದು ನಮ್ಮ ಸೆಕ್ಷನ್ನಿಗೆ ಬರಲ್ಲ' ಅನ್ನೋ ಮುಖ.

1936ರ 'ವಿಂಡ್‌ಬ್ಯಾಗ್ ದ ಸೈಲರ್' ಹೊತ್ತಿಗೆ ಆ ಸ್ಟೇಜಿನ ಲೆಕ್ಕ ಪೂರ್ತಿ ಸಿನಿಮಾಗೆ ಬಂದಿತ್ತು. ಮುದುಕ ಹಾರ್ಬಾಟಲ್ ಆಗಿ ಮೂರ್ ಮ್ಯಾರಿಯಟ್, ಉಡಾಫೆ ಹುಡುಗ ಆಲ್ಬರ್ಟ್ ಆಗಿ ಗ್ರೇಯಮ್ ಮೊಫಟ್. ಮೊಫಟ್ 1919ರಲ್ಲಿ ಹುಟ್ಟಿದೋನು, ದಪ್ಪಗೆ, ಗುಂಡಗೆ, ಯಾವಾಗ್ಲೂ ಏನಾದ್ರೂ ತಿಂತಿರೋ ಹುಡುಗ. ಮ್ಯಾರಿಯಟ್ ಕಥೆ ಇನ್ನೂ ಮಜಾ. ತೆರೆ ಮೇಲೆ ಬಿಳಿ ಗಡ್ಡ, ಬೊಚ್ಚು ಬಾಯಿ, ಕೀರಲು ದನಿ, ತೊಂಬತ್ತರ ಮುದುಕ ಅನ್ಬೇಕು, ನಿಜವಾಗಿ ವಿಲ್ ಹೇಗಿಂತ ಮೂರೇ ವರ್ಷ ದೊಡ್ಡವನು, ಐವತ್ತರ ಆಸುಪಾಸು. ಬಾಯಲ್ಲಿ ಸ್ವಂತ ಹಲ್ಲಿರ್ಲಿಲ್ಲ, ಬೇರೆ ಬೇರೆ ಪಾತ್ರಕ್ಕೆ ಬೇರೆ ಬೇರೆ ಹಲ್ಸೆಟ್ ಇಟ್ಕೊಂಡಿದ್ದನಂತೆ, ಹಾರ್ಬಾಟಲ್ ಆಗ್ಬೇಕಾದ್ರೆ ಸೆಟ್ ತೆಗೆದು ಜೇಬಿಗೆ. ಮೂಕಿ ಕಾಲದಿಂದ್ಲೂ ನೂರಾರು ಸಿನಿಮಾದಲ್ಲಿ ಸಣ್ಣಪುಟ್ಟ ಪಾತ್ರ ಮಾಡ್ಕೊಂಡು ಬಂದ ಮನುಷ್ಯ, ಜನ ನೆನಪಿಟ್ಟಿದ್ದು ಈ ಹಲ್ಲಿಲ್ಲದ ಮುದುಕನ್ನ.

ಈ ಮೂರು ಜನ ಸೇರಿ ಮಾಡಿದ್ರಲ್ಲಿ ಎಲ್ರೂ ಹೇಳೋದು 1937ರ 'ಓ, ಮಿಸ್ಟರ್ ಪೋರ್ಟರ್!' ಬಗ್ಗೆ, ಹೇಳೋದ್ರಲ್ಲಿ ತಪ್ಪೇನಿಲ್ಲ. ವಿಲಿಯಂ ಪೋರ್ಟರ್ ರೈಲ್ವೆಯಲ್ಲಿ ಗಾಲಿ ತಟ್ಟಿ ಚೆಕ್ ಮಾಡೋನು. ಮನೆ ಕಡೆಯೋರ ಶಿಫಾರಸ್ಸಲ್ಲಿ ಸ್ಟೇಷನ್ ಮಾಸ್ಟರ್ ಆಗ್ತಾನೆ, ಆದ್ರೆ ಹಾಕೋದು ಉತ್ತರ ಐರ್ಲೆಂಡಿನ ಗಡಿಯ ಬಗಲ್‌ಸ್ಕೆಲಿ ಅನ್ನೋ ಕಾಲ್ಪನಿಕ ಊರಿಗೆ, ಕೆಲಸ ಬಾರದೋನನ್ನ ಎಲ್ಲಿಗೆ ಟ್ರಾನ್ಸ್‌ಫರ್ ಮಾಡ್ತಾರೋ ಅಂಥ ಜಾಗ. ಕತ್ತಲಲ್ಲಿ ಮಳೇಲಿ ನೆನ್ಕೊಂಡು ಬಂದು ಟಿಕೆಟ್ ಕಿಟಕಿ ಬಡಿತಾನೆ. ಕಿಟಕಿ ಪಟ್ ಅಂತ ತೆಗೆಯತ್ತೆ, ಹಾರ್ಬಾಟಲ್ ಗಡ್ಡ ಕಾಣತ್ತೆ, 'ಮುಂದಿನ ಟ್ರೈನು ಹೋಯ್ತು' ಅಂತಾನೆ, ಪಟ್ ಅಂತ ಮುಚ್ಕೊಳ್ಳತ್ತೆ. ಹೋಗಿದ್ದು ಹಿಂದಿನ ಟ್ರೈನಲ್ಲ, ಮುಂದಿನದು! ಆ ಸ್ಟೇಷನ್ನಿನ ಪೂರ್ತಿ ಆಡಳಿತ ಆ ಒಂದು ಮಾತಲ್ಲಿದೆ.

ಒಳಗೆ ಹೋದ್ರೆ ಹಾರ್ಬಾಟಲ್ಲೂ ಆಲ್ಬರ್ಟೂ ಗೂಡ್ಸಲ್ಲಿ ಬರೋ ಸಾಮಾನಲ್ಲೇ ಸಂಸಾರ ಮಾಡ್ತಿದಾರೆ. ಟಿಕೆಟ್ಟಿಗೆ ದುಡ್ಡಿನ ಬದ್ಲು ತರಕಾರಿ. ಯಾರೋ ಕಳಿಸಿದ ಹಂದಿ ಬೇಕನ್ ಆಗಿ ತಟ್ಟೆಗೆ ಬಂದಿದೆ. ಪೋರ್ಟರ್ ಬಂದ ಮೇಲೆ ಶಿಸ್ತು ತರ್ತೀನಿ ಅಂತ ಹೊರಡ್ತಾನೆ, ಸ್ಟೇಷನ್ನಿಗೆ ಬಣ್ಣ ಹೊಡೆಸ್ತಾನೆ, ಎಕ್ಸ್‌ಕರ್ಷನ್ ಟ್ರೈನ್ ಬಿಡ್ತೀನಿ ಅಂತಾನೆ, ಫುಟ್‌ಬಾಲ್ ಟೀಮು ಅಂತ ಹೇಳ್ಕೊಂಡು ಬಂದೋರು ಬಂದೂಕು ಸಾಗಿಸೋ ಗ್ಯಾಂಗು, ಟ್ರೈನೇ ಮಾಯ. ಒಬ್ಬ ಒಕ್ಕಣ್ಣನ ದೆವ್ವ ಬೇರೆ. ಮೂರೂ ಜನ ಗಾಳಿಯಂತ್ರದ ರೆಕ್ಕೆಗೆ ಜೋತು ಬಿದ್ದು ಸುತ್ತೋ ಒಂದು ಸೀನಿದೆ, ಅದಾದ್ಮೇಲೆ ಹಳೇ ಎಂಜಿನ್ನಲ್ಲಿ ಚೇಸು.

ಆ ಎಂಜಿನ್ನಿನ ಬಗ್ಗೆ ಹೇಳದೆ ಮುಂದಕ್ಕೆ ಹೋಗೋಕೆ ಮನಸ್ಸಿಲ್ಲ. ಸಿನಿಮಾದಲ್ಲಿ ಅದರ ಹೆಸರು ಗ್ಲ್ಯಾಡ್‌ಸ್ಟನ್. ಅಸಲಿಗೆ ಅದು ಕೆಂಟ್ ಅಂಡ್ ಈಸ್ಟ್ ಸಸೆಕ್ಸ್ ರೈಲ್ವೆಯ 'ನಾರ್ಥಿಯಮ್', 1899ರಲ್ಲಿ ತಯಾರಾಗಿದ್ದು. ಅದಕ್ಕೆ ಉದ್ದಾನುದ್ದ ಚಿಮಣಿ ಸಿಕ್ಕಿಸಿ ಇನ್ನೂ ಮುದಿ ಮಾಡಿದ್ರು, ಅಂದ್ರೆ ಮ್ಯಾರಿಯಟ್‌ಗೆ ಮಾಡಿದ್ದನ್ನೇ ಎಂಜಿನ್ನಿಗೂ ಮಾಡಿದ್ರು. ಶೂಟಿಂಗ್ ಆಗಿದ್ದು ಐರ್ಲೆಂಡಲ್ಲಲ್ಲ, ದಕ್ಷಿಣ ಇಂಗ್ಲೆಂಡಿನ ಹ್ಯಾಂಪ್‌ಶೈರಲ್ಲಿ, ಬೇಸಿಂಗ್‌ಸ್ಟೋಕ್ ಮತ್ತೆ ಆಲ್ಟನ್ ಮಧ್ಯೆ ಮುಚ್ಚಿಹೋಗಿದ್ದ ಒಂದು ಲೈನಲ್ಲಿ. ಕ್ಲಿಡ್ಸ್‌ಡನ್ ಅನ್ನೋ ಸ್ಟೇಷನ್ನೇ ಬಗಲ್‌ಸ್ಕೆಲಿ ಆಯ್ತು. 1932ರಲ್ಲೇ ಅಲ್ಲಿ ಪ್ಯಾಸೆಂಜರ್ ಗಾಡಿ ನಿಂತಿತ್ತು, ಹಾಗಾಗಿ ಸಿನಿಮಾದವ್ರಿಗೆ ಬೇಕಾದ ಹಾಗೆ ಹಳಿ ಸಿಕ್ತು. ಸಿನಿಮಾದಲ್ಲಿ ಕಾಣೋ ಆ ಪಾಳುಬಿದ್ದ ಕಳೆ ಸೆಟ್ಟಲ್ಲ, ನಿಜವಾಗಿ ಸಾಯ್ತಿದ್ದ ಒಂದು ಬ್ರಾಂಚ್ ಲೈನು. ಎಂಜಿನ್ನೂ ಯುದ್ಧದ ಸಮಯದಲ್ಲಿ ಗುಜರಿಗೆ ಹೋಯ್ತು.

ಡೈರೆಕ್ಟರ್ ಮಾರ್ಸೆಲ್ ವಾರ್ನೆಲ್, ಫ್ರಾನ್ಸಿನೋನು. ಇಂಗ್ಲಿಷ್ ಹಳ್ಳಿಯ ಹುಚ್ಚಾಟ ಅಷ್ಟು ಚೆನ್ನಾಗಿ ಹಿಡಿದಿದ್ದು ಹೊರಗಿನೋನು ಅನ್ನೋದು ನನಗೆ ಖುಷಿ ಕೊಡೋ ವಿಷಯ. ಬರವಣಿಗೆಯಲ್ಲಿ ವ್ಯಾಲ್ ಗೆಸ್ಟ್, ಮ್ಯಾರಿಯಟ್ ಎಡ್ಗರ್, ಆರ್ಟನ್ ಇದ್ರು. ಇದೇ ಗುಂಪು 1939ರಲ್ಲಿ 'ಆಸ್ಕ್ ಎ ಪೊಲೀಸ್‌ಮನ್' ಮಾಡ್ತು, ನನ್ನ ಮಟ್ಟಿಗೆ ಅದು ಪೋರ್ಟರ್‌ಗಿಂತ ಒಂದು ಕೈ ಮೇಲೆ. ಊರಲ್ಲಿ ಹತ್ತು ವರ್ಷದಿಂದ ಒಂದೇ ಒಂದು ಕ್ರೈಮ್ ಇಲ್ಲ ಅಂತ ರೇಡಿಯೋದಲ್ಲಿ ಜಂಬ ಕೊಚ್ಕೊಳ್ತಾರೆ, ಕ್ರೈಮೇ ಇಲ್ಲ ಅಂದ್ರೆ ಸ್ಟೇಷನ್ ಯಾಕೆ ಅಂತ ಮೇಲಿನೋರಿಗೆ ಡೌಟು ಬರತ್ತೆ. ನೌಕರಿ ಉಳಿಸ್ಕೊಳ್ಳೋಕೆ ಪೊಲೀಸರೇ ಕ್ರೈಮ್ ತಯಾರು ಮಾಡ್ಬೇಕು. ಕಳ್ಳಸಾಗಣೆ ಕೇಸು ಹುಟ್ಟಿಸೋಕೆ ಹೋಗಿ ನಿಜವಾದ ಕಳ್ಳಸಾಗಣೆಗೇ ಡಿಕ್ಕಿ ಹೊಡಿತಾರೆ. ತಲೆಯಿಲ್ಲದ ಕುದುರೆ ಸವಾರನ ಮೇಲೊಂದು ಪದ್ಯ ಇದೆ, ಹಾರ್ಬಾಟಲ್‌ಗೆ ಕೊನೇ ಸಾಲು ಮರೆತುಹೋಗಿದೆ. ಸರಿ, ಅಪ್ಪನ್ನ ಕೇಳೋಣ ಅಂತ ಹೊರಡ್ತಾರೆ. ಹಾರ್ಬಾಟಲ್‌ಗೇ ಒಬ್ಬ ಅಪ್ಪ! ಇನ್ನೂ ಬದುಕಿರೋ ಅಪ್ಪ! ಆ ಅಪ್ಪನೂ ಮೂರ್ ಮ್ಯಾರಿಯಟ್ಟೇ, ಇನ್ನೊಂದಷ್ಟು ಗಡ್ಡ. ಆ ಸೀನಲ್ಲಿ ವಿಲ್ ಹೇ ಮಾಡೋದು ಏನೂ ಇಲ್ಲ, ಸುಮ್ನೆ ನಿಂತು ಇಬ್ಬರನ್ನೂ ನೋಡ್ತಾನೆ, ಆ ನೋಟಕ್ಕೇ ನಗು ಬರತ್ತೆ.

1938ರ 'ಓಲ್ಡ್ ಬೋನ್ಸ್ ಆಫ್ ದ ರಿವರ್' ಮಾತ್ರ ನಂಗೆ ಪೂರ್ತಿ ನೋಡೋಕೆ ಕಷ್ಟ ಆಯ್ತು. ಆಫ್ರಿಕಾದಲ್ಲಿ ಬ್ರಿಟಿಷ್ ಆಳ್ವಿಕೆಯನ್ನ ಹೊಗಳಿದ್ದ ಒಂದು ಗಂಭೀರ ಸಿನಿಮಾದ ಅಣಕ ಇದು, ಮೇಷ್ಟ್ರು ಪಾಠ ಹೇಳೋಕೆ ಅಲ್ಲಿಗೆ ಹೋಗಿ ಆಡಳಿತವೇ ಕೈಗೆ ಬಂದ್ಬಿಡತ್ತೆ. ಬಿಳಿ ಸಾಹೇಬನಿಗೆ ತಲೆ ಇಲ್ಲ ಅನ್ನೋದೇ ಜೋಕು, ಅಷ್ಟರ ಮಟ್ಟಿಗೆ ಅದು ಚುರುಕೇ. ಆದ್ರೆ ಆಫ್ರಿಕಾದ ಜನರನ್ನ ತೋರಿಸಿರೋ ರೀತಿ ನೋಡಿದ್ರೆ ಹೊಟ್ಟೆ ಉರಿಯತ್ತೆ, ಅದೇ ಸಾಹೇಬರ ಕೈಕೆಳಗೆ ಇದ್ದ ದೇಶದೋರಾಗಿ ನಮಗೆ ಅದನ್ನ 'ಆ ಕಾಲ ಹಂಗಿತ್ತು ಬಿಡಿ' ಅಂತ ನುಂಗೋಕಾಗಲ್ಲ. ಪೆದ್ದ ಅಧಿಕಾರಿ ಇಂಗ್ಲಿಷ್ ಹಳ್ಳಿಯಲ್ಲಿದ್ರೆ ನಗು, ವಸಾಹತಲ್ಲಿದ್ರೆ ಅವನ ಪೆದ್ದುತನಕ್ಕೆ ಬೆಲೆ ತೆರೋರೇ ಬೇರೆ. ಸಿನಿಮಾಗೆ ಅದು ಹೊಳೆದೇ ಇಲ್ಲ.

ಇಷ್ಟೆಲ್ಲ ಓದಿ ಈ ಮನುಷ್ಯ ನಿಜ ಜೀವನದಲ್ಲೂ ಸ್ವಲ್ಪ ಹಾಗೇ ಇದ್ದಿರ್ಬೇಕು ಅನ್ಸಿದ್ರೆ, 1933ಕ್ಕೆ ಬನ್ನಿ. ಸಿನಿಮಾಗೆ ಸರಿಯಾಗಿ ಬರೋಕೂ ಮುಂಚೆ. ದಕ್ಷಿಣ ಲಂಡನ್ನಿನ ನಾರ್ಬರಿಯಲ್ಲಿ ಇವನ ಮನೆ, ತೋಟದಲ್ಲಿ ಸ್ವಂತ ವೀಕ್ಷಣಾಲಯ, ಆರು ಇಂಚಿನ ಕುಕ್ ಟೆಲಿಸ್ಕೋಪು. ಆಗಸ್ಟ್ 3ರ ರಾತ್ರಿ ಶನಿಗ್ರಹ ನೋಡ್ತಿದ್ದಾಗ ಅದರ ಮಧ್ಯಭಾಗದಲ್ಲಿ ಒಂದು ದೊಡ್ಡ ಬಿಳಿ ಕಲೆ ಕಾಣ್ತು, ಹಿಂದಿನ ಸಲ ನೋಡ್ದಾಗ ಇರ್ಲಿಲ್ಲ. ಸ್ಟೀವನ್‌ಸನ್ ಅನ್ನೋ ಅನುಭವಿ ವೀಕ್ಷಕರಿಗೆ ಫೋನ್ ಮಾಡ್ದ, ಅವ್ರೂ ನೋಡಿ ಹೌದು ಅಂದ್ರು. ಶನಿಯ ವಾತಾವರಣದಲ್ಲಿ ಏಳೋ ದೈತ್ಯ ಬಿರುಗಾಳಿ ಅದು, ಸುಮಾರು ಮೂವತ್ತು ವರ್ಷಕ್ಕೊಮ್ಮೆ ಬರೋ ಅಪರೂಪದ್ದು, 1876ರಲ್ಲಿ, 1903ರಲ್ಲಿ ಕಂಡಿತ್ತು, ಆಮೇಲೆ 1960, 1990, ಮತ್ತೆ 2010ರ ಕೊನೆಯಲ್ಲಿ. 1933ರದ್ದನ್ನ ಮೊದಲು ಕಂಡಿದ್ದು ಮ್ಯೂಸಿಕ್ ಹಾಲಿನ ಪೆದ್ದ ಮೇಷ್ಟ್ರು!

ಅದೇನು ಅದೃಷ್ಟದ ಏಟಲ್ಲ. ಅಳತೆ ಉಪಕರಣಗಳನ್ನ ಸ್ವತಃ ಕೂತು ತಯಾರಿಸ್ತಿದ್ದ, ಧೂಮಕೇತುಗಳ ಸ್ಥಾನ ಅಳೀತಿದ್ದ, ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯ ಫೆಲೋ ಆಗಿದ್ದ. ವಿಜ್ಞಾನದ ಬರಹಗಳಿಗೆ 'ಡಬ್ಲ್ಯೂ. ಟಿ. ಹೇ' ಅಂತ ಸಹಿ, ಪೋಸ್ಟರ್ ಮೇಲಿನ ವಿಲ್ ಹೇ ಅಲ್ಲ. 1935ರಲ್ಲಿ 'ಥ್ರೂ ಮೈ ಟೆಲಿಸ್ಕೋಪ್' ಅಂತ ಜನಸಾಮಾನ್ಯರಿಗೆ ಒಂದು ಪುಸ್ತಕ ಬರೆದ. ವಿಮಾನ ಹಾರಿಸೋಕೂ ಬರ್ತಿತ್ತು. 3125ನೇ ಕ್ಷುದ್ರಗ್ರಹಕ್ಕೆ ಈಗ ಇವನ ಹೆಸರಿದೆ. ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ, ಇಲ್ಲಿ ತುಂಬಿದ ಕೊಡವೇ ಅರೆಕೊಡದ ಥರ ತುಳುಕಿ ತೋರಿಸಿ ಜೀವನ ಮಾಡ್ಕೊಳ್ತು.

ಇದನ್ನ ಬರೀ ವಿಚಿತ್ರ ಸಂಗತಿ ಅಂತ ಹೇಳಿ ಬಿಡೋರು ಜಾಸ್ತಿ, ನನಗೆ ಹಂಗನ್ಸಲ್ಲ. ನಿಜವಾಗಿ ಕಲಿತೋನಿಗೆ ಮಾತ್ರ ಗೊತ್ತಿಲ್ಲದಿರೋದು ಹೇಗಿರತ್ತೆ ಅಂತ ಅಷ್ಟು ಸೂಕ್ಷ್ಮವಾಗಿ ಕಾಣೋದು. ಮೇಷ್ಟ್ರು ಪ್ರಶ್ನೆಯನ್ನ ಜಾರಿಸೋ ರೀತಿ ಇದ್ಯಲ್ಲ, ಅದು ಉತ್ತರ ಗೊತ್ತಿರೋನು ಹೆಜ್ಜೆ ಹೆಜ್ಜೆಗೂ ಲೆಕ್ಕ ಹಾಕಿ ಕಟ್ಟಿದ್ದು. ಪೆದ್ದನ ಪಾತ್ರ ಮಾಡೋರು ಸಾಮಾನ್ಯವಾಗಿ ಪ್ರೀತಿ ಗಿಟ್ಟಿಸ್ಕೊಳ್ತಾರೆ, ಅಯ್ಯೋ ಪಾಪ ಮುಗ್ಧ ಅಂತ. ವಿಲ್ ಹೇ ಪಾತ್ರಕ್ಕೆ ಒಂದು ಗುಲಗಂಜಿ ಮುಗ್ಧತೆ ಇಲ್ಲ. ಸುಳ್ಳ, ಜಿಪುಣ, ಹೇಡಿ, ಅವಕಾಶ ಸಿಕ್ಕಿದ್ರೆ ಹುಡುಗರ ಜೊತೆ ಕುದುರೆ ಬಾಜಿ ಕಟ್ಟೋನು. ಅದೇ ಕಾಲದ ಇನ್ನೊಬ್ಬ ಹಾಸ್ಯನಟ ಜಾರ್ಜ್ ಫಾರ್ಮ್‌ಬಿ ಯುಕುಲೇಲೆ ಅನ್ನೋ ಪುಟ್ಟ ಗಿಟಾರ್ ಥರದ್ದು ಬಾರಿಸ್ಕೊಂಡು ಹಾಡಿ ಕೊನೆಗೆ ಹುಡುಗಿಯನ್ನ ಮದುವೆ ಆಗ್ತಿದ್ದ. ಇಲ್ಲಿ ಹಾಡಿಲ್ಲ, ಹುಡುಗಿ ಇಲ್ಲ, ಬುದ್ಧಿ ಕಲಿಯೋ ಕ್ಲೈಮ್ಯಾಕ್ಸ್ ಇಲ್ಲ. ಇವತ್ತು ನೋಡಿದ್ರೂ ಈ ಸಿನಿಮಾಗಳು ಹಳಸಿಲ್ಲದೇ ಇರೋಕೆ ಅದೇ ಕಾರಣ ಇರ್ಬೇಕು.

ಆದ್ರೆ ಅಷ್ಟು ಚೆನ್ನಾಗಿ ನಡೀತಿದ್ದ ಮೂವರ ಜೋಡಿಯನ್ನ ಮುರಿದಿದ್ದೂ ಇವನೇ. ಅದದೇ ಆಗ್ತಿದೆ, ಸಾಕು ಅನ್ಸಿರ್ಬೇಕು. ಫೈರ್ ಸ್ಟೇಷನ್ನಿನ 'ವೇರ್ಸ್ ದಟ್ ಫೈರ್?' 1940ರದ್ದು, ಅದೇ ಮೂವರೂ ಕೂಡಿದ ಕೊನೇ ಸಿನಿಮಾ. ತುಂಬಾ ವರ್ಷ ಅದರ ಪ್ರಿಂಟೇ ಕಳೆದುಹೋಗಿದೆ ಅಂತ ತಿಳ್ಕೊಂಡಿದ್ರು, 1970ರ ದಶಕದಲ್ಲಿ ಸಿಕ್ತು. ಅದಾದ್ಮೇಲೆ ವಿಲ್ ಹೇ ಈಲಿಂಗ್ ಸ್ಟುಡಿಯೋಗೆ ಹೋದ. ಅಲ್ಲಿ ಜೊತೆಗೆ ಬಂದೋರು ಕ್ಲಾಡ್ ಹಲ್ಬರ್ಟ್, ಜಾನ್ ಮಿಲ್ಸ್ ಥರದೋರು. ಒಳ್ಳೇ ನಟರೇ, ಆದ್ರೆ ಅವ್ರು ಇವನ ಮಾತು ನಂಬ್ತಾರೆ! ಹಾರ್ಬಾಟಲ್ಲೂ ಆಲ್ಬರ್ಟೂ ನಂಬ್ತಿರ್ಲಿಲ್ಲ, ಇವನ ಬಂಡವಾಳ ಏನಂತ ಅವ್ರಿಗೆ ಗೊತ್ತಿತ್ತು, ಇವನ ಪ್ರತಿ ಬುರುಡೆಗೂ ಒಂದು ಕೊಂಕು ತಯಾರಿರ್ತಿತ್ತು. ಆ ಕೊಂಕಿಲ್ಲದೆ ಮೇಷ್ಟ್ರು ಸ್ವಲ್ಪ ಸಪ್ಪೆ ಆದ್ರು ಅಂತ್ಲೇ ನನ್ನ ಅಭಿಪ್ರಾಯ.

ಯುದ್ಧದ ವರ್ಷಗಳು, ಸಿನಿಮಾದಲ್ಲೂ ನಾಝಿ ಗೂಢಚಾರರು. 1942ರ 'ದ ಗೂಸ್ ಸ್ಟೆಪ್ಸ್ ಔಟ್'ನಲ್ಲಿ ಜರ್ಮನಿಗೆ ಹೋಗಿ ಬೇಹುಗಾರ ಹುಡುಗರಿಗೆ ಇಂಗ್ಲಿಷರ ರೀತಿ ರಿವಾಜು ಕಲಿಸ್ತಾನೆ. ಗೌರವ ಸೂಚಿಸೋದು ಹೀಗೆ ಅಂತ ಎರಡು ಬೆರಳು ಹಿಂದುಮುಂದಾಗಿ ಎತ್ತೋದು ಹೇಳ್ಕೊಡ್ತಾನೆ, ಇಂಗ್ಲೆಂಡಲ್ಲಿ ಅದು ಶುದ್ಧ ಬೈಗುಳ, ಇಡೀ ಕ್ಲಾಸು ಹಿಟ್ಲರ್ ಫೋಟೋ ಮುಂದೆ ಶಿಸ್ತಾಗಿ ನಿಂತು ಅದನ್ನೇ ಮಾಡತ್ತೆ. ತಲೆ ಮೇಲೆ ಬಾಂಬ್ ಬೀಳ್ತಿದ್ದ ಊರುಗಳಲ್ಲಿ ಜನ ಇದನ್ನ ನೋಡಿ ಎಷ್ಟು ನಕ್ಕಿರ್ಬೇಡ. ಆ ಹುಡುಗರಲ್ಲಿ ಒಬ್ಬ ಪೀಟರ್ ಉಸ್ತಿನೋವ್, ಮುಂದೆ ಎರಡು ಆಸ್ಕರ್ ತಗೊಂಡೋನು.

ಕೊನೇದು 1943ರ 'ಮೈ ಲರ್ನೆಡ್ ಫ್ರೆಂಡ್', ಬೇಸಿಲ್ ಡಿಯರ್ಡನ್ ಜೊತೆ ಸೇರಿ ಇವನೇ ನಿರ್ದೇಶಿಸಿದ್ದು. ಸನ್ನದು ಕಳ್ಕೊಂಡ ವಕೀಲ ಇವನು, ಜೈಲಿಂದ ಬಂದ ಒಬ್ಬ ತನಗೆ ಶಿಕ್ಷೆ ಆಗೋಕೆ ಕಾರಣ ಆದೋರನ್ನೆಲ್ಲ ಸಾಲಾಗಿ ಕೊಲ್ತಾ ಬರ್ತಿದಾನೆ, ಆ ಲಿಸ್ಟಲ್ಲಿ ಇವನ ಹೆಸರೂ ಇದೆ. ಕೊಲೆ ಇಟ್ಕೊಂಡು ನಗಿಸೋದನ್ನ ಈಲಿಂಗ್ ಆಮೇಲೆ ದೊಡ್ಡದಾಗಿ ಮಾಡ್ತು, ಅದರ ಮೊದಲ ಗುರುತು ಇಲ್ಲಿದೆ. ಬಿಗ್ ಬೆನ್ ಗಡಿಯಾರದ ಮುಳ್ಳಿಗೆ ನೇತಾಡೋ ಕ್ಲೈಮ್ಯಾಕ್ಸು. ಹಾರ್ಬಾಟಲ್ ಇಲ್ಲದೇನೂ ಇವನು ನಡೆಸ್ಬಲ್ಲ ಅನ್ನೋಕೆ ಇರೋ ಒಂದೇ ಗಟ್ಟಿ ಸಾಕ್ಷಿ ಇದು. ದಾರಿ ಸಿಕ್ತು ಅನ್ನೋ ಹೊತ್ತಿಗೆ ಕ್ಯಾನ್ಸರ್. ಆಪರೇಷನ್ ಆಯ್ತು, ಸ್ವಲ್ಪ ಕಾಲ ರೇಡಿಯೋದಲ್ಲಿ ಮೇಷ್ಟ್ರು ಮುಂದುವರೆದ್ರು, ಆಮೇಲೆ ಪಾರ್ಶ್ವವಾಯು. ಸಿನಿಮಾಗೆ ವಾಪಸ್ ಬರೋಕಾಗ್ಲಿಲ್ಲ. 1949ರ ಏಪ್ರಿಲ್ 18ಕ್ಕೆ ತೀರ್ಕೊಂಡ, ಅರವತ್ತು ವರ್ಷ. ಮ್ಯಾರಿಯಟ್ಟೂ ಅದೇ ವರ್ಷ ಡಿಸೆಂಬರಲ್ಲಿ ಹೋದ. ಮೊಫಟ್ ಸಿನಿಮಾ ಬಿಟ್ಟು ಪಬ್ ನಡೆಸ್ತಿದ್ದ, 1965ರ ತನಕ ಇದ್ದ.

ಬಿಬಿಸಿಯಲ್ಲಿ 1968ರಿಂದ ಬಂದ 'ಡ್ಯಾಡ್ಸ್ ಆರ್ಮಿ' ಸೀರಿಯಲ್ ನೋಡಿರೋರಿಗೆ ಒಂದು ಮಾತು. ಜಂಬದ ಕ್ಯಾಪ್ಟನ್, ತಡಬಡಾಯಿಸೋ ಮುದುಕ, ಎಳೇ ಪೆದ್ದ ಹುಡುಗ, ಈ ಮೂವರನ್ನ ಎಲ್ಲಿಂದ ತಂದ್ರು ಅಂದ್ಕೊಂಡ್ರಿ? ಅದನ್ನ ಬರೆದ ಜಿಮ್ಮಿ ಪೆರಿಯೇ ವಿಲ್ ಹೇ ಸಿನಿಮಾಗಳ ಋಣ ಒಪ್ಕೊಂಡಿದಾನೆ. ಅದೇ ಸೀರಿಯಲ್ಲಲ್ಲಿ ಗಾಡ್‌ಫ್ರೀ ಅನ್ನೋ ಸಾಧು ಮುದುಕನ ಪಾತ್ರ ಮಾಡಿದ ಆರ್ನಲ್ಡ್ ರಿಡ್ಲಿ ಇದಾರಲ್ಲ, ಅವ್ರು 1920ರ ದಶಕದಲ್ಲಿ ದೆವ್ವದ ರೈಲಿನ ಮೇಲೆ ಒಂದು ಹಿಟ್ ನಾಟಕ ಬರೆದೋರು, 'ಓ, ಮಿಸ್ಟರ್ ಪೋರ್ಟರ್!' ಕಥೆಯ ಎಷ್ಟೋ ಎಳೆ ಆ ನಾಟಕಕ್ಕೆ ತೀರಾ ಹತ್ತಿರ.

ನೋಡೋದಾದ್ರೆ 'ಆಸ್ಕ್ ಎ ಪೊಲೀಸ್‌ಮನ್' ಇಂದ ಶುರು ಮಾಡಿ, ಆಮೇಲೆ ಪೋರ್ಟರ್, ಆಮೇಲೆ 'ಮೈ ಲರ್ನೆಡ್ ಫ್ರೆಂಡ್'. ಸಬ್‌ಟೈಟಲ್ ಸಿಕ್ಕಿದ್ರೆ ಹಾಕ್ಕೊಳ್ಳಿ, ಮ್ಯಾರಿಯಟ್ ಹಲ್ಲಿಲ್ಲದ ಬಾಯಲ್ಲಿ ಹೇಳೋದು ಅರ್ಧ ಅರ್ಥ ಆಗಲ್ಲ, ಮೇಷ್ಟ್ರು ಗೊಣಗೋದು ಇನ್ನರ್ಧ.